ಎರಡು ಗಂಟೆಯ ತಂಪು

ಕೊಳಗೋಡಿನ ಕಡಲತೀರದಲ್ಲಿ ಗಂಡು ಆಮೆ ಹುಟ್ಟದೆ ಹದಿಮೂರು ವರ್ಷಗಳಾಗಿದ್ದವು. ಮರಿಗಳೇ ಆಗುತ್ತಿರಲಿಲ್ಲ ಎಂದಲ್ಲ. ಮೊದಮೊದಲು ಪ್ರತಿ ಬೇಸಿಗೆಯಲ್ಲೂ ಸಾವಿರಾರು ಮರಿಗಳು ಮರಳಿನಿಂದೆದ್ದು ನೀರಿಗಿಳಿದವು. ಊರಿನವರು ಬಂದು ನೋಡಿ ಸಂತೋಷಪಟ್ಟರು, ಶಾಲೆಯ ಮಕ್ಕಳು ಫೋಟೊ ತೆಗೆಸಿಕೊಂಡರು. ಅವೆಲ್ಲವೂ ಹೆಣ್ಣು ಎಂಬುದು ತಿಳಿದದ್ದು ಆಮೇಲೆ.

ಕಡಲಾಮೆಯ ಮೊಟ್ಟೆಯೊಳಗಿನ ಜೀವ ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ. ಮೊಟ್ಟೆ ಇಟ್ಟ ಮೂರನೆಯ ವಾರದಿಂದ ಐದನೆಯ ವಾರದ ತನಕ ಗೂಡು ಇಪ್ಪತ್ತೊಂಬತ್ತು ಡಿಗ್ರಿಗಿಂತ ತಣ್ಣಗಿದ್ದರೆ ಗಂಡು. ಮೂವತ್ತೊಂದು ದಾಟಿದರೆ ಹೆಣ್ಣು. ಮೂವತ್ತೈದು ದಾಟಿತೋ, ಒಳಗಿನ ಜೀವ ಬೇಯುತ್ತದೆ. ಕೊಳಗೋಡಿನ ಮರಳು ಮಾರ್ಚ್ ತಿಂಗಳಲ್ಲೇ ಮೂವತ್ತಮೂರಕ್ಕೇರುವ ಕಾಲ ಬಂದಿತ್ತು. ಕಡಲಿನಲ್ಲಿದ್ದ ಹಳೆಯ ಗಂಡುಗಳು ಒಂದೊಂದಾಗಿ ಮುಗಿಯುತ್ತ ಬಂದವು. ಹೆಣ್ಣುಗಳು ಮಾತ್ರ ವರ್ಷವರ್ಷವೂ ದಡಕ್ಕೆ ಬಂದು, ಗುಂಡಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ ಹೋಗುತ್ತಿದ್ದವು. ಆ ಮೊಟ್ಟೆಗಳಲ್ಲಿ ಹುರುಳಿರಲಿಲ್ಲ.

ಮನ್ವಿತಾಗೆ ಆಗ ನಲವತ್ತಾರು. ತಾಯಿ ಬೇಬಿಯ ಜೊತೆ ಬಂದರಿನ ಹಿಂದಿನ ಮನೆಯಲ್ಲಿದ್ದಳು. ಗಂಡ ನಿತೇಶ ಮೀನು ಉತ್ತರಕ್ಕೆ ಸರಿದಾಗ ಬೋಟಿನೊಂದಿಗೆ ತಾನೂ ಉತ್ತರಕ್ಕೆ ಹೋದವನು, ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಬರುತ್ತಿದ್ದ. ಬೋಟುಗಳೇ ಇಲ್ಲದ ಬಂದರಿನಲ್ಲಿ ಐಸ್ ಪ್ಲಾಂಟು ಖಾಲಿ ಬಿದ್ದಿತ್ತು. ಅದನ್ನು ಕೇಳಿ ಪಡೆದುಕೊಂಡವರು ಡಾಕ್ಟರ್ ರೆನಿಟಾ ಕ್ರಾಸ್ತಾ. ಆಮೆಗಳ ಬಗ್ಗೆ ಓದಿದವರು, ಅರವತ್ತರ ಹತ್ತಿರದವರು, ಯಾರ ಜೊತೆಗೂ ಏರುದನಿಯಲ್ಲಿ ಮಾತಾಡದವರು. ಒಂದು ಕಾಲದಲ್ಲಿ ಬಂಗುಡೆಗೆ ಐಸ್ ಮಾಡಿದ ಯಂತ್ರಗಳಿಂದ ಉಪ್ಪುನೀರನ್ನು ತಣ್ಣಗೆ ಮಾಡಿ, ಅದನ್ನು ಸಣ್ಣ ಕೊಳವೆಗಳಲ್ಲಿ ಮರಳಿನೊಳಗೆ ಹರಿಸಿ, ಗೂಡುಗಳನ್ನು ಇಪ್ಪತ್ತೆಂಟೂವರೆ ಡಿಗ್ರಿಯಲ್ಲಿ ಹಿಡಿದಿಡುವುದು ಅವರ ಯೋಜನೆ. ಮನ್ವಿತಾ ಐಸ್ ಪ್ಲಾಂಟಿನಲ್ಲಿ ಹುಡುಗಿಯಾಗಿದ್ದಾಗಿನಿಂದ ಕೆಲಸ ಮಾಡಿದವಳು, ಅಲ್ಲಿನ ಪ್ರತಿಯೊಂದು ವಾಲ್ವೂ ಅವಳಿಗೆ ಗೊತ್ತಿತ್ತು. ಡಾಕ್ಟರು ಅವಳನ್ನೇ ಕೆಲಸಕ್ಕಿಟ್ಟುಕೊಂಡರು.

ಗೂಡು ಹುಡುಕುವವನು ಕುಷ್ಟಣ್ಣ. ಎಂಬತ್ತೊಂದರ ಮುದುಕ. ಹುಡುಗನಾಗಿದ್ದಾಗ ಆಮೆಮೊಟ್ಟೆ ಅಗೆದು ತಿಂದವನು, ನಡುವಯಸ್ಸಿನಲ್ಲಿ ಅದನ್ನು ಬಿಟ್ಟವನು, ಈಗ ಪ್ರತಿ ಬೆಳಗ್ಗೆ ಕೋಲೂರಿಕೊಂಡು ನಾಲ್ಕು ಕಿಲೋಮೀಟರ್ ತೀರ ನಡೆದು ಆಮೆಯ ಜಾಡು ನೋಡುವವನು. ಆ ವರ್ಷ ಅವನು ತೋರಿಸಿದ್ದು ಮೂವತ್ತೆಂಟು ಗೂಡು. ಎಲ್ಲದರಿಂದಲೂ ಮೊಟ್ಟೆಗಳನ್ನು ಎತ್ತಿ ತಂದು ನೋಡಿದರು. ಜೀವವಿರುವ ಮೊಟ್ಟೆಯ ಮೇಲೆ ಒಂದೆರಡು ದಿನದಲ್ಲಿ ಸುಣ್ಣ ಬಳಿದಂಥ ಬಿಳಿ ಕಲೆ ಮೂಡುತ್ತದೆ. ಮೂವತ್ತಾರು ಗೂಡುಗಳ ಮೊಟ್ಟೆಗಳು ಹಳದಿಗೆ ತಿರುಗಿ ಕುಸಿದವು. ಮಾರ್ಚ್ ಹನ್ನೆರಡರಂದು ಗಾಳಿಮರಗಳ ಹಿಂದೆ ಸಿಕ್ಕಿದ ಎರಡು ಗೂಡುಗಳಲ್ಲಿ ಮಾತ್ರ, ಒಟ್ಟು ಸುಮಾರು ನೂರ ಮೂವತ್ತು ಮೊಟ್ಟೆಗಳ ಮೇಲೆ, ಕಲೆ ಮೂಡಿತು.

ಕುಷ್ಟಣ್ಣ ಒಂದು ಮೊಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಹಂಗಾರೆ ಎಲ್ಲೋ ಒಂದ್ ಗಂಡ್ ಇತ್ತ್ ಇನ್ನೂ," ಅಂದ.

"ಇತ್ತ್ ಕಾಂತ್," ಎಂದಳು ಮನ್ವಿತಾ.

"ಮುದ್ಕ ಆಯಿಕ್ಕ್ ಅದ್. ನನ್ನ ಹಾಂಗೆ."

ಮಂಟಪದಂತೆ ಹಂಚು ಹೊದಿಸಿದ ಮರಳುಗುಂಡಿಯಲ್ಲಿ ಎರಡೂ ಗೂಡುಗಳನ್ನು ಹೂಳಿ, ಕೊಳವೆ ಜೋಡಿಸಿದರು. ಮೂರೂವರೆ ವಾರ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಪ್ಲಾಂಟಿನ ಮಹಡಿಯ ಕೋಣೆಯ ಪರದೆಯ ಮೇಲೆ ಇಪ್ಪತ್ತೆಂಟೂವರೆಯ ಗೆರೆ ದಾರ ಎಳೆದಂತೆ ನೇರವಾಗಿತ್ತು. ಡಾಕ್ಟರು ಅದರೆದುರು ಚಹ ಕುಡಿಯುತ್ತ ಕೂರುವರು. ಮನ್ವಿತಾ ಕೆಳಗೆ ಯಂತ್ರಗಳ ಬಳಿ ಇರುವಳು.

ಬೆಳಗಿನ ಹೊತ್ತು ಅವಳಿಗೆ ಇನ್ನೊಂದು ಕೆಲಸವಿತ್ತು. ಬೇಸಿಗೆಯಲ್ಲಿ ತೀರದಲ್ಲಿ ಏನೇನು ಕಾಣಿಸಿತು ಎಂಬುದನ್ನು ಬರೆದಿಡಬೇಕು. ಡಾಕ್ಟರು ಹೇಳಿಕೊಟ್ಟ ಅಭ್ಯಾಸ. ಗರುಡ ಎಷ್ಟು, ಮರಳು ಏಡಿಯ ಬಿಲ ಎಲ್ಲಿ, ದಿಣ್ಣೆಯ ಮಗ್ಗುಲಲ್ಲಿ ಕಳ್ಳಿಪೀರ ಹಕ್ಕಿಗಳು ಗೂಡು ಕೊರೆದವೋ ಇಲ್ಲವೋ, ಅಳಿವೆಯಲ್ಲಿ ನೀರುನಾಯಿಯ ಹೆಜ್ಜೆ ಇದೆಯೋ. ಆ ವರ್ಷ ಕಳ್ಳಿಪೀರಗಳು ಬಂದು, ಎರಡು ದಿನ ಬಿಲ ಕೊರೆದು, ಬಿಟ್ಟುಹೋದವು. ಏಪ್ರಿಲ್ ಮೊದಲ ವಾರ ಗೋಳಿಮರದ ಬಾವಲಿಗಳು ಮಧ್ಯಾಹ್ನವೇ ರೆಕ್ಕೆ ಬೀಸಿ ಬೀಸಿ ಸುಸ್ತಾಗಿ ನೆಲಕ್ಕೆ ಬಿದ್ದವು. ಒಂದು ಬೆಳಗ್ಗೆ ಅವಳು ಇಪ್ಪತ್ತೇಳು ಬಾವಲಿಗಳನ್ನು ಗೋಣಿಯಲ್ಲಿ ಹೆಕ್ಕಿ ಹೂತಳು. ಅದನ್ನೂ ಬರೆದಳು.

ಮನೆಗೆ ಬಂದರೆ ಬೇಬಿ ಜಗಲಿಯ ಸಿಮೆಂಟಿನ ಮೇಲೆ ನೀರು ಚೆಲ್ಲಿಕೊಂಡು ಮಲಗಿರುತ್ತಿದ್ದಳು.

"ಎಂತ ಕಂಡೆ ಇವತ್ತ್?" ಎಂದು ದಿನವೂ ಕೇಳುವಳು.

"ಎಂತದೂ ಇಲ್ಲೆ ಅಮ್ಮ. ನೀನ್ ಗಂಜಿ ಉಂಡ್ಯಾ?"

"ಸೆಕೆಗೆ ಗಂಟ್ಲಲ್ಲಿ ಇಳಿಯೂದಿಲ್ಲೆ."

ಏಪ್ರಿಲ್ ಒಂಬತ್ತರಂದು ಮೊದಲ ಕೆಂಪು ದಿನ ಬಂತು. ಬಿಸಿಲಿಗಿಂತ ಭಯಂಕರವಾದದ್ದು ಬೆವರು ಆರದ ಸೆಕೆ. ಗಾಳಿಯಲ್ಲಿ ನೀರು ತುಂಬಿ, ಮೈಯ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲದೆ, ಮುದುಕರೂ ಕೂಸುಗಳೂ ನೆರಳಿನಲ್ಲಿ ಕೂತಲ್ಲೇ ಸಾಯುವ ದಿನಗಳಿಗೆ ಕೆಂಪು ದಿನ ಎನ್ನುತ್ತಿದ್ದರು. ಅಂಥ ದಿನಗಳಿಗೆಂದೇ ಬಂದರಿನ ಹಳೆಯ ಮೀನು ಹರಾಜುಕಟ್ಟೆಗೆ ಗೋಡೆ ಕಟ್ಟಿ, ತಂಪಿನ ಚಾವಡಿ ಮಾಡಿದ್ದರು. ಅದಕ್ಕೂ ತಂಪು ಬರುತ್ತಿದ್ದುದು ಇದೇ ಐಸ್ ಪ್ಲಾಂಟಿನಿಂದ. ಯಂತ್ರಗಳು ಮೂರೂ ಓಡಿದರೆ ಚಾವಡಿಗೂ ಗೂಡುಗಳಿಗೂ ಸಾಲುತ್ತಿತ್ತು. ಮೂರನೆಯದು ಫೆಬ್ರವರಿಯಲ್ಲೇ ಕೆಟ್ಟು ಕೂತಿತ್ತು, ಬಿಡಿಭಾಗ ಬಂದಿರಲಿಲ್ಲ. ಎರಡೇ ಓಡುವಾಗ ಕೆಂಪು ದಿನಗಳಲ್ಲಿ ತಂಪೆಲ್ಲವೂ ಜನರಿಗೆ ಎಂಬುದು ನಿಯಮ. ಅದು ಗೋಡೆಯ ಮೇಲೆ ಬರೆದಿತ್ತು, ಕೆಳಗೆ ಡಾಕ್ಟರ ಸಹಿಯೂ ಇತ್ತು.

ಮನ್ವಿತಾ ಗೂಡಿನ ಕೊಳವೆಯ ವಾಲ್ವನ್ನು ಮುಚ್ಚಿ, ಚಾವಡಿಯದನ್ನು ಪೂರ್ತಿ ತೆರೆದಳು. ಆಮೇಲೆ ಮನೆಗೆ ಹೋಗಿ ತಾಯಿಯನ್ನು ಕೈಹಿಡಿದು ಕರೆತಂದಳು. ಚಾವಡಿಯಲ್ಲಿ ನೂರ ಅರವತ್ತು ಜನ. ಕುಷ್ಟಣ್ಣನೂ ಅವನ ಹೆಂಡತಿ ಗಿರಿಜಕ್ಕನೂ ಕಿಟಕಿಯ ಬದಿಯಲ್ಲಿ ಚಾಪೆ ಹಾಸಿದ್ದರು. ಬೇಬಿಯ ಚಾಪೆಯೂ ಅಲ್ಲೇ ಬಿತ್ತು.

"ಮರಿಗೆ ಎಂತ ಮಾಡ್ದೆ ಹೆಣೆ?" ಎಂದು ಕುಷ್ಟಣ್ಣ ಕೇಳಿದ.

"ವಾಲ್ವ್ ಮುಚ್ಚಿದೆ."

ಅವನು ಚಾಪೆಯ ಅಂಚು ಸರಿಮಾಡಿದ. "ಒಂದ್ ದಿನ ಆರೆ ತಡ್ಕತ್ತೋ ಏನೋ," ಅಂದ.

ಒಂದು ದಿನಕ್ಕೆ ಮುಗಿಯಲಿಲ್ಲ. ಎರಡನೆಯ ದಿನವೂ ಕೆಂಪು, ಮೂರನೆಯ ದಿನವೂ ಕೆಂಪು. ಪರದೆಯ ಮೇಲಿನ ಗೆರೆ ತಲೆಯೆತ್ತಿತು. ಇಪ್ಪತ್ತೊಂಬತ್ತು ಪಾಯಿಂಟ್ ಆರು. ಮೂವತ್ತು ಪಾಯಿಂಟ್ ಎರಡು. ಮೂರನೆಯ ದಿನ ಮಧ್ಯಾಹ್ನ ಮೂವತ್ತು ಪಾಯಿಂಟ್ ಒಂಬತ್ತು.

ಡಾಕ್ಟರು ಎರಡು ದಿನದಿಂದ ಆ ಕೋಣೆ ಬಿಟ್ಟು ಕದಲಿರಲಿಲ್ಲ. "ಹದಿನಾರನೇ ತಾರೀಖಿನವರೆಗೆ ತಂಪಿದ್ದಿದ್ದರೆ ಸಾಕಿತ್ತು," ಎಂದರು. "ಇನ್ನು ಐದು ದಿನ. ಆಮೇಲೆ ಬಿಸಿಯಾದರೂ ಅವು ಗಂಡಾಗಿಯೇ ಉಳಿಯುತ್ತಿದ್ದವು."

"ಈಗ?"

"ಮೂವತ್ತೊಂದು ದಾಟಿದರೆ ತಿರುಗಿಬಿಡುತ್ತವೆ ಮನ್ವಿತಾ. ಅರ್ಧ ದಾರಿಗೆ ಬಂದದ್ದು ವಾಪಸ್ ಹೋಗುತ್ತದೆ."

ಮನ್ವಿತಾ ಕೆಳಗಿಳಿದು ಬಂದಳು. ಚಾವಡಿಗೆ ಹೋಗಿ ಬಾಗಿಲಲ್ಲೇ ನಿಂತು ನೋಡಿದಳು. ಗೋಡೆಯ ಮಾಪಕ ಇಪ್ಪತ್ತೇಳು ತೋರಿಸುತ್ತಿತ್ತು. ಹಲವರು ಶಾಲು ಹೊದ್ದಿದ್ದರು. ಒಂದಿಬ್ಬರು ಇಸ್ಪೀಟು ಆಡುತ್ತಿದ್ದರು. ಬೇಬಿ ಯಾರದೋ ಮೊಮ್ಮಗುವಿನ ತಲೆ ಬಾಚುತ್ತಿದ್ದಳು. ಹೊರಗೆ ಕಾಲಿಟ್ಟರೆ ಉಸಿರು ಕಟ್ಟುವ ಸೆಕೆ, ಒಳಗೆ ಶಾಲು. ಇಪ್ಪತ್ತೇಳರ ಬದಲು ಇಪ್ಪತ್ತೊಂಬತ್ತಾದರೆ ಇವರಿಗೆ ಗೊತ್ತೂ ಆಗುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಆಗ ಗಂಟೆ ಎರಡೂ ಕಾಲು.

ಅವಳು ಯಂತ್ರಗಳ ಕೋಣೆಗೆ ಹೋಗಿ ಚಾವಡಿಯ ವಾಲ್ವನ್ನು ಅರ್ಧ ಮುಚ್ಚಿದಳು, ಗೂಡುಗಳದನ್ನು ತೆರೆದಳು. ಕೊಳವೆಯೊಳಗೆ ನೀರು ಸರಿದ ಸದ್ದು ಕೇಳಿತು. ಕೈ ಇಟ್ಟು ನೋಡಿದಳು, ಲೋಹ ತಣ್ಣಗಾಗುತ್ತಿತ್ತು. ಅಲ್ಲಿಯೇ ಮೆಟ್ಟಿಲ ಮೇಲೆ ಕೂತಳು. ಮಹಡಿಯಿಂದ ಡಾಕ್ಟರು ಕರೆಯಬಹುದು ಎಂದು ಕಿವಿಗೊಟ್ಟು ಕೂತಳು. ಯಾರೂ ಕರೆಯಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಚಾವಡಿಗೆ ಹೋದಳು. ಮಾಪಕ ಮೂವತ್ತರ ಮೇಲಿತ್ತು. ಶಾಲುಗಳು ಮೈಮೇಲಿಂದ ಇಳಿದಿದ್ದವು.

"ಸ್ವಲ್ಪ ಸೆಕೆ ಆಯ್ತ್ ಅಲ್ದಾ?" ಎಂದಳು ಬೇಬಿ.

"ಈಗ ಸರಿ ಆತ್ತ್."

ಕುಷ್ಟಣ್ಣ ಮಲಗಿದ್ದ, ಎದೆಯ ಮೇಲೆ ಒದ್ದೆ ಟವೆಲು. ಗಿರಿಜಕ್ಕ ಪಕ್ಕದಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಮನ್ವಿತಾ ಓಡೋಡಿ ಹೋಗಿ ವಾಲ್ವುಗಳನ್ನು ಮೊದಲಿನ ಹಾಗೆ ತಿರುಗಿಸಿದಳು. ಆಗ ನಾಲ್ಕೂ ಕಾಲು. ಚಾವಡಿ ತಣ್ಣಗಾಗಲು ಇನ್ನರ್ಧ ಗಂಟೆ ಹಿಡಿಯಿತು. ಐದು ಗಂಟೆಗೆ ಎಲ್ಲರಿಗೂ ಕಾಫಿ ಬಂತು. ಗಿರಿಜಕ್ಕ ಗಂಡನನ್ನು ಎಬ್ಬಿಸಲು ಭುಜ ಅಲುಗಿಸಿದಳು. ಅವನು ಏಳಲಿಲ್ಲ.

ವಯಸ್ಸಾಗಿತ್ತು, ಹೃದಯ ನಿಂತಿದೆ ಎಂದು ಬಂದ ವೈದ್ಯರು ಬರೆದರು. ಅದೇ ದಿನ ತೀರದುದ್ದಕ್ಕೂ ಬೇರೆ ಬೇರೆ ಊರಿನ ಚಾವಡಿಗಳಲ್ಲಿ ಹನ್ನೊಂದು ಜನ ಸತ್ತಿದ್ದರು, ಪೂರ್ತಿ ತಂಪಿದ್ದ ಚಾವಡಿಗಳಲ್ಲೂ. ಹಾಗಾಗಿ ಯಾರೂ ಏನನ್ನೂ ಕೇಳಲಿಲ್ಲ. ಅವಳ ಎರಡು ಗಂಟೆ ಅವನನ್ನು ಕೊಂದಿತೋ, ಇಲ್ಲದಿದ್ದರೂ ಅವನು ಅಂದೇ ಹೋಗುವವನಿದ್ದನೋ, ಅದನ್ನು ಹೇಳಬಲ್ಲ ಯಾವ ಯಂತ್ರವೂ ಆ ಕಟ್ಟಡದಲ್ಲಿ ಇರಲಿಲ್ಲ. ಆ ಎರಡು ಗಂಟೆಯಲ್ಲಿ ಗೂಡು ತಣ್ಣಗಾದದ್ದು ಒಂದು ಡಿಗ್ರಿಯ ಮೂರನೆಯ ಒಂದು ಭಾಗ ಎಂಬುದು ಮಾತ್ರ ಪರದೆಯ ಮೇಲೆ ಸ್ಪಷ್ಟವಾಗಿತ್ತು. ಕೆಂಪು ದಿನಗಳು ಇನ್ನೂ ಮೂರು ಬಂದವು. ಗೂಡು ಮೂವತ್ತೆರಡು ಮುಟ್ಟಿ, ಮೂವತ್ತಮೂರರ ಹತ್ತಿರ ಹೋಗಿ, ಆಮೇಲೆ ಇಳಿಯಿತು. ಆ ಮೂರು ದಿನ ಮನ್ವಿತಾ ವಾಲ್ವಿನ ಕಡೆ ಕಣ್ಣೆತ್ತಿ ನೋಡಲಿಲ್ಲ.

ಮನೆಯಲ್ಲಿ ಅವಳು ಊಟ ಬಿಟ್ಟದ್ದನ್ನು ಬೇಬಿ ಗಮನಿಸಿದಳು.

"ಕುಷ್ಟಣ್ಣಂದೇ ಯೋಚ್ನೆಯಾ?"

"ಹ್ಞೂಂ."

"ನೋವಿಲ್ದೆ ಹೋದ್ರ್. ನಾನ್ ಹತ್ರ ಇದ್ದೆ ಅಲ್ದಾ, ಒಂದ್ ಸದ್ದೂ ಬರ್ಲಿಲ್ಲೆ. ಹಾಂಗ್ ಹೋಪುಕೆ ಪುಣ್ಯ ಬೇಕ್."

ಮನ್ವಿತಾ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ತಾಯಿಗೆ ಹೇಳಿಬಿಡಬೇಕು ಎಂದು ಬಾವಿಕಟ್ಟೆಯ ಬಳಿ ನಿಂತು ಮಾತು ಹೊಂದಿಸಿದಳು. ನೀನೂ ಅದೇ ಚಾವಡಿಯಲ್ಲಿದ್ದೆ ಅಮ್ಮ, ನಿನ್ನ ತಂಪನ್ನೂ ನಾನು ತೆಗೆದೆ ಎಂದು ಹೇಳುವುದು ಹೇಗೆ ಎಂಬಲ್ಲಿ ಮಾತು ನಿಂತುಹೋಯಿತು. ತಟ್ಟೆ ತೊಳೆದು ಒಳಗೆ ಬಂದಳು.

ಮೇ ಐದರ ಬೆಳಗ್ಗೆ, ಬೆಳಕು ಹರಿಯುವಾಗ, ಗೂಡಿನ ಮರಳು ನಡುವಿನಲ್ಲಿ ಕುಸಿದು ಮೊದಲ ಮೂತಿ ಹೊರಬಂತು. ಮಧ್ಯಾಹ್ನದೊಳಗೆ ಎಪ್ಪತ್ತೊಂದು ಮರಿಗಳು ತಾವಾಗಿಯೇ ಎದ್ದವು. ಮೇಲೆ ಬರಲಾಗದೆ ಒಳಗೇ ಸಿಕ್ಕಿಬಿದ್ದಿದ್ದ ಹನ್ನೆರಡನ್ನು ಮನ್ವಿತಾ ಬೆರಳಿನಿಂದ ಮರಳು ಬಿಡಿಸಿ ಎತ್ತಿದಳು. ಅಂಗೈಯಲ್ಲಿ ಇಟ್ಟರೆ ನಾಲ್ಕು ತೊಗಲುರೆಕ್ಕೆಗಳು ಗಾಳಿಯಲ್ಲೇ ಈಜುತ್ತಿದ್ದವು. ಉಳಿದ ಮೊಟ್ಟೆಗಳೊಳಗೆ ಮರಿ ಬಲಿತು ಸತ್ತಿತ್ತು.

ಡಾಕ್ಟರು ಒಂದೊಂದು ಮರಿಯ ಕುತ್ತಿಗೆಯಿಂದ ಸಾಸಿವೆಯಷ್ಟು ರಕ್ತ ತೆಗೆದು ಗಾಜಿನ ಮೇಲಿಟ್ಟರು. ಯಂತ್ರಕ್ಕೆ ಮೂರು ಗಂಟೆ ಬೇಕು. ಎಂಬತ್ತಮೂರು ಮರಿಗಳು ಒದ್ದೆ ಮರಳಿನ ತೊಟ್ಟಿಯಲ್ಲಿ ಒಂದರ ಮೇಲೊಂದು ಹತ್ತುತ್ತ, ಕಿಟಕಿಯ ಬೆಳಕಿನ ಕಡೆಗೇ ಹೋಗಲು ನೋಡುತ್ತಿದ್ದವು. ಇಬ್ಬರೂ ತೊಟ್ಟಿಯ ಬಳಿ ಕಾದು ಕೂತರು. ನಾಲ್ಕು ಗಂಟೆಗೆ ಪರದೆಯ ಮೇಲೆ ಪಟ್ಟಿ ಮೂಡಿತು. ಮನ್ವಿತಾಗೆ ಅದನ್ನು ಓದಲು ಬರುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ಒಂದೇ ಅಕ್ಷರವಿತ್ತು.

"ಎಲ್ಲ ಹೆಣ್ಣು," ಎಂದರು ಡಾಕ್ಟರು.

ಮನ್ವಿತಾ ತೊಟ್ಟಿಯ ಅಂಚು ಹಿಡಿದುಕೊಂಡಳು. "ಡಾಕ್ಟ್ರೆ, ನಾನ್ ಒಂದ್ ಹೇಳುಕಿತ್ತ್. ಕಳ್ದ್ ತಿಂಗ್ಳ್ ಹನ್ನೊಂದನೇ ತಾರೀಖ್ ಮಧ್ಯಾಹ್ನ ನಾನ್ ವಾಲ್ವ್ ತಿರ್ಗ್ಸಿದೆ. ಎರಡ್ ಗಂಟೆ. ಕುಷ್ಟಣ್ಣ ಹೋದ್ದ್ ಆಗ್ಲೇ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೆ ಗೊತ್ತು," ಎಂದರು. "ಗೆರೆ ಬಗ್ಗಿದ್ದನ್ನು ಇಲ್ಲೇ ಕೂತು ನೋಡುತ್ತಿದ್ದೆ. ಚಾವಡಿಯ ಬಿಸಿ ಏರಿದ್ದೂ ಪಕ್ಕದಲ್ಲೇ ಕಾಣುತ್ತಿತ್ತು."

"ಕರಿಲಿಲ್ಲ ನೀವ್."

"ಇಲ್ಲ. ಇನ್ನೂ ಹತ್ತು ನಿಮಿಷ ಬಿಡೋಣ ಅಂದುಕೊಂಡೆ. ಮತ್ತೆ ಹತ್ತು ನಿಮಿಷ. ಹಾಗೇ ಎರಡು ಗಂಟೆ." ಅವರ ದನಿ ಎಂದಿನಷ್ಟೇ ಮೆತ್ತಗಿತ್ತು. "ನಿಮಗಾದರೆ ಚಾವಡಿಯಲ್ಲಿ ತಾಯಿ ಇದ್ದರು, ನೀವು ಎದ್ದು ಹೋಗಿ ನೋಡಿದಿರಿ. ನಾನು ಕುರ್ಚಿಯಿಂದಲೂ ಏಳಲಿಲ್ಲ."

ಮನ್ವಿತಾ ತೊಟ್ಟಿಯ ಮರಳಿಗೆ ನೀರು ಚಿಮುಕಿಸಿದಳು. ಮುಂದಿನ ವರ್ಷ ಯಂತ್ರ ರಿಪೇರಿಯಾದರೆ ಎಂದು ಇಬ್ಬರಲ್ಲಿ ಯಾರೂ ಮಾತು ತೆಗೆಯಲಿಲ್ಲ. ಮುಂದಿನ ವರ್ಷ ಬಿಳಿ ಕಲೆಯ ಮೊಟ್ಟೆ ಸಿಗುತ್ತದೆ ಎಂಬ ನಂಬಿಕೆ ಇಬ್ಬರಿಗೂ ಇರಲಿಲ್ಲ.

"ಬಿಸಿಲು ಇಳಿಯಿತು," ಎಂದರು ಡಾಕ್ಟರು. "ನೀವೇ ಬಿಟ್ಟು ಬನ್ನಿ. ನಾನು ಬರುವುದಿಲ್ಲ."

ತೊಟ್ಟಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಮನ್ವಿತಾ ದಿಣ್ಣೆ ದಾಟಿದಳು. ಅಡಂಬು ಬಳ್ಳಿಯ ಎಲೆಗಳು ಮುದುಡಿ ಕಪ್ಪಾಗಿದ್ದವು. ತೀರ ಖಾಲಿಯಿತ್ತು. ನೀರಿನಿಂದ ಇಪ್ಪತ್ತು ಹೆಜ್ಜೆ ಹಿಂದೆ, ಮರಳಿನ ಮೇಲೆ, ಗಿರಿಜಕ್ಕ ಒಬ್ಬಳೇ ಕೂತಿದ್ದಳು. ಮರಿ ಎದ್ದ ಸುದ್ದಿ ಯಾರೋ ಹೇಳಿದ್ದರು.

"ಅವ್ರ್ ಇದ್ದಿದ್ರೆ ಬತ್ತಿದ್ರ್," ಎಂದಳು. "ಅದ್ಕೆ ಬಂದೆ."

ಮನ್ವಿತಾ ತೊಟ್ಟಿಯನ್ನು ಬಾಗಿಸಿದಳು. ಮರಿಗಳು ಮರಳಿನ ಮೇಲೆ ಹರಡಿದವು. ಒಂದು ಕ್ಷಣ ಸುಮ್ಮನಿದ್ದು, ಬೆಳಕು ಹೊಳೆಯುವ ಕಡೆಗೆ ಎಲ್ಲವೂ ಒಟ್ಟಿಗೆ ತಿರುಗಿ, ರೆಕ್ಕೆ ಊರಿ ಊರಿ ಹೊರಟವು. ಕಾಗೆಗಳನ್ನು ಓಡಿಸಲು ಅವಳು ಕೋಲು ತಂದಿದ್ದಳು. ಬೇಕಾಗಲಿಲ್ಲ, ಆಕಾಶದಲ್ಲಿ ಒಂದು ಹಕ್ಕಿಯೂ ಇರಲಿಲ್ಲ.

"ಗಂಡ್ ಎಷ್ಟ್ ಇದ್ರಲ್ಲಿ?" ಎಂದು ಗಿರಿಜಕ್ಕ ಕೇಳಿದಳು.

"ಒಂದೂ ಇಲ್ಲೆ."

"ಒಂದೂ?"

"ಇಲ್ಲೆ ಗಿರಿಜಕ್ಕ."

ಮೊದಲ ಅಲೆ ಬಂದು ಮುಂದಿನ ಸಾಲಿನ ಮರಿಗಳನ್ನು ಎತ್ತಿಕೊಂಡಿತು. ಕೆಲವನ್ನು ಒಯ್ದಿತು, ಕೆಲವನ್ನು ಮಗುಚಿ ಹಿಂದಕ್ಕೆ ಎಸೆಯಿತು. ಮನ್ವಿತಾ ಮುದುಕಿಯ ಪಕ್ಕದಲ್ಲಿ ಕೂತಳು. ಕಡಲನ್ನೇ ನೋಡುತ್ತ, ನಿಲ್ಲಿಸದೆ, ಎಲ್ಲವನ್ನೂ ಹೇಳಿದಳು. ಶಾಲು ಹೊದ್ದವರನ್ನು ನೋಡಿದ್ದು, ವಾಲ್ವು ತಿರುಗಿಸಿದ್ದು, ಮೆಟ್ಟಿಲ ಮೇಲೆ ಕೂತದ್ದು, ಮಾಪಕ ನೋಡಿ ಓಡಿದ್ದು.

ಗಿರಿಜಕ್ಕ ಕಡಲಿನಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದಳು. ಆಮೇಲೆ ಕೇಳಿದಳು, "ಎಷ್ಟ್ ಹೊತ್ತಿಗೆ ತಿರ್ಗ್ಸಿದ್ದ್?"

"ಎರಡೂ ಕಾಲಿಗೆ."

"ನಾನ್ ಆಗ ಬೀಸಣಿಗೆ ಬೀಸ್ತಾ ಇದ್ದೆ ಅವ್ರಿಗೆ. ಮೂರ್ ಗಂಟೆ ಹೊತ್ತಿಗೆ, ಸಾಕ್ ಬಿಡ್, ನಿನ್ ಕೈ ನೋಯ್ತ್ ಅಂದ್ರ್. ನಾನ್ ಬಿಟ್ಟೆ. ನಂಗೂ ಕಣ್ಣ್ ಎಳ್ಕಂಡ್ ಹೋಯ್ತ್." ಅವಳು ಮೊಣಕಾಲ ಮೇಲಿನ ಮರಳನ್ನು ಮೆಲ್ಲಗೆ ಒರೆಸಿದಳು. "ಬೀಸೂದ್ ನಿಲ್ಸಿದ್ದಕ್ಕೆ ಹೋದ್ರ್ ಅಂದೇಳಿ ಇಷ್ಟ್ ದಿನ ಅಂದ್ಕಂಡಿದ್ದೆ. ದಿನಾ ಅದೇ."

"ನಿಮ್ದ್ ಎಂತದೂ ತಪ್ಪಿಲ್ಲೆ. ನನ್ದ್."

"ಅದ್ ಯಾರಿಗ್ ಗೊತ್ತ್? ನಿಂಗೂ ಗೊತ್ತಿಲ್ಲೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೀನ್ ಹೇಳಿದ್ದ್ ಕೇಂಡ್ ನಂಗೆ ಹಗುರ ಆಗ್ಬೇಕಿತ್ತ್. ಆಗ್ಲಿಲ್ಲೆ. ಇನ್ನ್ ಮೇಲೆ ನಮ್ಮನೆ ಬದಿಗ್ ಬರ್ಬೇಡ ಮಗಾ. ನಿನ್ನ ಮೋರೆ ಕಂಡ್ರೆ ನಂಗೆ ಆ ಚಾವಡಿ ಕಾಂತ್."

"ಬರೂದಿಲ್ಲೆ."

ಕೊನೆಯ ಮರಿಗಳು ನೀರು ಸೇರಿದವು. ಒಂದು ಮಾತ್ರ ಮೂರು ಸಲ ಹಿಂದಕ್ಕೆ ಬಂದು ಬಿತ್ತು. ನಾಲ್ಕನೆಯ ಅಲೆಯ ನಂತರ ಅದೂ ಕಾಣಲಿಲ್ಲ. ಅಲೆಗಳು ತಣ್ಣಗಿರಲಿಲ್ಲ, ಒಲೆಯ ಮೇಲೆ ಆಗಷ್ಟೇ ಬಿಸಿಯಾಗತೊಡಗಿದ ನೀರಿನಂತೆ ಬೆಚ್ಚಗಿದ್ದವು. ಗಿರಿಜಕ್ಕ ಏಳಲು ನೋಡಿದಳು. ಮೊಣಕಾಲು ಒಪ್ಪಲಿಲ್ಲ. ಎರಡೂ ಕೈಗಳನ್ನು ಮರಳಿಗೆ ಊರಿ ಇನ್ನೊಮ್ಮೆ ಪ್ರಯತ್ನಿಸಿದಳು. ಮರಳು ಸರಿದು ಮತ್ತೆ ಕೂತಳು.

ಮನ್ವಿತಾ ಎದ್ದು ನಿಂತು ಕೈ ಚಾಚಿದಳು.

ಗಿರಿಜಕ್ಕ ಆ ಕೈಯನ್ನು ನೋಡಿದಳು. ತೀರದ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಬೇರೆ ಯಾರೂ ಇರಲಿಲ್ಲ. ಕೈ ಹಿಡಿದು ಎದ್ದಳು, ಎದ್ದು ನಿಂತ ಕೂಡಲೇ ಬಿಟ್ಟಳು, ಸೀರೆಯ ಮರಳು ಕೊಡವಿಕೊಂಡು ಮನೆಯ ಕಡೆಗೆ ನಡೆದಳು.